ರಾತ್ರಿ ಪಾಳಿಯ ಕನ್ನಡಕ

‘ಕಣ್ಣು ಮುಚ್ಚಿ ಮಲಗಾಕ ಕನ್ನಡಕ ಯಾಕ ಬೇಕೋ ತಮ್ಮಾ? ಕನಸು ಸ್ವಚ್ಛ ಕಾಣ್ಲಿ ಅಂತೇನು?’

ಮೊಮ್ಮಗಳಿಗೆ ರಾತ್ರಿ ಹಾಕಿಕೊಳ್ಳುವ ಲೆನ್ಸ್ ಕೊಡಿಸುವ ಮಾತೆತ್ತಿದಾಗ ಅವ್ವ ಕೇಳಿದ್ದು ಇದನ್ನು. ಅವಳಿಗೆ ಕಣ್ಣಿನ ವೈದ್ಯ ಅಂದರೆ ಇವತ್ತಿಗೂ ಮೋದಿ ಡಾಕ್ಟರೇ. 1915ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಎಂ.ಸಿ. ಮೋದಿ ಊರೂರಿಗೆ ಶಿಬಿರ ಒಯ್ದವರು. ಒಂದೇ ದಿನದಲ್ಲಿ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರ ಹೆಸರಿನಲ್ಲಿದೆ. ಅಂಥವರ ಕಾಲ ಕಂಡ ಮುದುಕಿಗೆ, ಒಬ್ಬ ಹುಡುಗಿಯ ಎರಡು ಕಣ್ಣಿಗೆ ಇಷ್ಟು ಸಲ ಆಸ್ಪತ್ರೆಗೆ ಅಲೆಯುವುದು ಶ್ರೀಮಂತರ ಚಟದಂತೆ ಕಂಡರೆ ತಪ್ಪೇನಿಲ್ಲ.

ಅದೇ 1915ರಲ್ಲಿ ಚಿನ್ನದ ಜಾಡು ಹಿಡಿದು ಬಂದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ಬರೀ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಆಗಿದ್ದ ದೊರೆಯ ಸ್ವಂತ ಹೆಸರು ಇಲ್ಲಿ ಕಲ್ಲಿನ ಮೇಲಿತ್ತು. ಸಿಂಧನೂರಿನಿಂದ ಮಗಳನ್ನು ಅದನ್ನು ತೋರಿಸಲು ಕರೆದೊಯ್ದರೆ, ಅವಳು ಶಾಸನ ಹಾಗಿರಲಿ, ಅದರ ಮಾಹಿತಿ ಫಲಕ ಓದಲೂ ಮೂಗು ತಾಗುವಷ್ಟು ಹತ್ತಿರ ಹೋಗಬೇಕಾಯಿತು. ಹಾಕಿದ್ದ ಕನ್ನಡಕ ಹೋದ ವರ್ಷದ್ದು. ನಂಬರು ಮತ್ತೆ ಏರಿತ್ತು.

ರಾಯಚೂರಿಗೆ ಬಸ್ಸು, ಅಲ್ಲಿಂದ ಹೈದರಾಬಾದಿಗೆ ರೈಲು. ನಮ್ಮ ಕಡೆಯವರ ಕಣ್ಣಿನ ದಾರಿ ಬಹಳ ಕಾಲದಿಂದ ಇದೇ. ಅಂಗಡಿಯಲ್ಲಿ ಫ್ರೇಮು ಆರಿಸಿದಂತೆ ಲೆನ್ಸ್ ಆರಿಸಿ ಬರಬಹುದು ಅಂತ ಹೊರಟವರಿಗೆ ಅಲ್ಲಿ ಮೊದಲು ಸಿಕ್ಕಿದ್ದು ವಿಚಾರಣೆ. ಕಣ್ಣು ಉಜ್ಜುವ ಚಟ ಇದೆಯೇ? ಅಲರ್ಜಿ? ಕಣ್ಣು ಒಣಗುತ್ತದೆಯೇ? ಎಷ್ಟು ತಾಸು ನಿದ್ದೆ? ನಂಬರು ತೀರಾ ಹೆಚ್ಚಿದ್ದರೆ, ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾ ಕೋನದ ಹಾಗೆ ಉಬ್ಬುವ ರೋಗವಿದ್ದರೆ ಅಲ್ಲಿಂದಲೇ ವಾಪಸ್ಸು. ಬೇಡ ಅನ್ನಲು ಬರುವ ಡಾಕ್ಟರನ್ನು ನಾನು ಹೆಚ್ಚು ನಂಬುತ್ತೇನೆ.

ಆಮೇಲೆ ಗದ್ದವನ್ನು ಯಂತ್ರದ ಮೇಲಿಟ್ಟು ಕೂರಬೇಕು. ಒಂದರೊಳಗೊಂದು ಬೆಳಕಿನ ಉಂಗುರಗಳು ಕಣ್ಣಿನ ಮೇಲೆ ಬೀಳುತ್ತವೆ. ಅವು ಎಲ್ಲಿ ಸೊಟ್ಟಗಾದವು ಅನ್ನುವುದರಿಂದ ಕಾರ್ನಿಯಾದ ಏರುತಗ್ಗು ಲೆಕ್ಕ ಹಾಕುತ್ತಾರೆ. 1880ರ ಸುಮಾರಿಗೆ ಪೋರ್ಚುಗಲ್ಲಿನ ಪ್ಲಾಸಿಡೊ ಕಪ್ಪು-ಬಿಳಿ ಉಂಗುರಗಳ ತಟ್ಟೆ ಹಿಡಿದು ನೋಡಿದ್ದನ್ನು ಈಗ ಕಂಪ್ಯೂಟರ್ ಬಣ್ಣದ ನಕ್ಷೆ ಮಾಡಿ ಕೊಡುತ್ತದೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪೊರೆಗೂ ಒಂದು ಸರ್ವೆ ನಕ್ಷೆ!

ಪರೀಕ್ಷೆಗೆಂದು ಒಂದು ಲೆನ್ಸ್ ಇಟ್ಟು, ಹಳದಿ ಬಣ್ಣದ ಔಷಧಿ ಸೋಕಿಸಿ, ನೀಲಿ ಬೆಳಕಿನಲ್ಲಿ ನೋಡಿದರು. ಪರದೆಯ ಮೇಲೆ ನನಗೂ ತೋರಿಸಿದರು: ನಡುವೆ ಕಪ್ಪು, ಸುತ್ತ ಹೊಳೆಯುವ ಹಸಿರು ಬಳೆ, ಅದರಾಚೆ ಮತ್ತೆ ಕಪ್ಪು. ಹಸಿರು ಬಳೆ ಇರುವಲ್ಲಿ ಲೆನ್ಸಿನಡಿ ಕಣ್ಣೀರು ನಿಂತಿದೆ. ಲೆನ್ಸು ಕಣ್ಣನ್ನು ಒತ್ತಿ ಹಿಡಿಯುವುದಿಲ್ಲವಂತೆ; ನಡುವೆ ಉಳಿಯುವ ಕಣ್ಣೀರಿನ ತೆಳು ಪದರವೇ ಕೆಲಸಗಾರ. ರೊಟ್ಟಿ ಬಡಿಯುವಾಗ ನಡುವಿನ ಹಿಟ್ಟು ಅಂಚಿಗೆ ಸರಿಯುತ್ತದಲ್ಲ, ಹಾಗೆ ಕಾರ್ನಿಯಾದ ಮೇಲ್ಪದರ ನಡುವೆ ತೆಳುವಾಗಿ ಸುತ್ತ ದಪ್ಪವಾಗುತ್ತದೆ. ಬೆಳಿಗ್ಗೆ ಲೆನ್ಸ್ ತೆಗೆದರೂ ಹಗಲಿಡೀ ಆ ಆಕಾರ ನಿಲ್ಲುತ್ತದೆ. ಹಾಕುವುದು ಬಿಟ್ಟರೆ ಕಣ್ಣು ಕ್ರಮೇಣ ಹಳೆಯ ರೂಪಕ್ಕೆ, ಹಳೆಯ ನಂಬರಿಗೆ.

ಈ ಉಪಾಯಕ್ಕೆ ವಯಸ್ಸಾಗಿದೆ. 1962ರಲ್ಲಿ ಅಮೆರಿಕದ ಜಾರ್ಜ್ ಜೆಸ್ಸೆನ್ ಬೇಕೆಂದೇ ಚಪ್ಪಟೆ ಲೆನ್ಸ್ ಹಾಕಿ ಕಣ್ಣಿನ ಆಕಾರ ಬದಲಿಸಲು ನೋಡಿದ. ಆ ಕಾಲದ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡುತ್ತಿರಲಿಲ್ಲ. ಅದನ್ನು ಹಾಕಿ ಮಲಗಿದ್ದರೆ ಕಣ್ಣು ಉಸಿರುಗಟ್ಟುತ್ತಿತ್ತು. ಆಮ್ಲಜನಕ ಬಿಡುವ ಗಟ್ಟಿ ಲೆನ್ಸ್ ಬಂದು, ಒಳಬಾಗಿನ ಲೆಕ್ಕವೂ ಕುದುರಿದ ಮೇಲೆ, 2002ರಲ್ಲಿ ಅಮೆರಿಕ ರಾತ್ರಿ ಬಳಕೆಗೆ ಒಪ್ಪಿಗೆ ಕೊಟ್ಟಿತು. ಮಕ್ಕಳ ನಂಬರು ಏರುವ ವೇಗ ಇದರಿಂದ ತಗ್ಗುತ್ತದೆ ಎಂಬುದು ನಮ್ಮ ಆಸೆಯ ಮೂಲ. 2012ರ ಹಾಂಗ್‌ಕಾಂಗ್ ಅಧ್ಯಯನದಲ್ಲಿ, ಎರಡು ವರ್ಷದ ಕೊನೆಗೆ ಈ ಲೆನ್ಸ್ ಹಾಕಿದ ಮಕ್ಕಳ ಕಣ್ಣುಗುಡ್ಡೆಯ ಉದ್ದ, ಕನ್ನಡಕ ಹಾಕಿದವರಿಗಿಂತ ಶೇ. 43ರಷ್ಟು ಕಡಿಮೆ ಬೆಳೆದಿತ್ತು. ಪೂರ್ತಿ ನಿಲ್ಲುತ್ತದೆಂದು ನಮಗೆ ಯಾರೂ ಹೇಳಲಿಲ್ಲ.

ಅಳತೆಗೆ ತಕ್ಕಂತೆ ಮಾಡಿಸಿದ ಲೆನ್ಸ್ ಬಂದ ಮೇಲೆ ಹಾಕಿ ತೆಗೆಯುವ ಪಾಠ. ಸೋಪಿನಿಂದ ಕೈ ತೊಳೆದು, ಪೂರ್ತಿ ಒರೆಸಿ, ಲೆನ್ಸಿನ ಬಟ್ಟಲಿಗೆ ಔಷಧಿ ಹನಿ ತುಂಬಿ, ತಲೆ ಬಗ್ಗಿಸಿ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಅಂಟಿದ್ದರೆ ಕೀಳಬಾರದು. ಹನಿ ಬಿಟ್ಟು, ಲೆನ್ಸ್ ಅಲುಗಾಡುವವರೆಗೆ ಕಾದು, ಹೀರಿ ಹಿಡಿಯುವ ಚಿಕ್ಕ ರಬ್ಬರ್ ಸಾಧನದಿಂದ ತೆಗೆಯಬೇಕು. ಕಣ್ಣು ಕೆಂಪಾದರೆ, ನೋವಾದರೆ ಆ ರಾತ್ರಿ ಲೆನ್ಸ್ ಬಂದ್, ಡಾಕ್ಟರ ಹತ್ತಿರ ಓಟ.

ಎಲ್ಲಕ್ಕಿಂತ ಮುಖ್ಯ, ಲೆನ್ಸಿಗಾಗಲಿ ಅದರ ಡಬ್ಬಿಗಾಗಲಿ ನಲ್ಲಿ ನೀರು ತಾಗಕೂಡದು. ನೀರಿನಲ್ಲಿರುವ ಅಕಾಂತಮೀಬ ಎಂಬ ಜೀವಿ ಕಾರ್ನಿಯಾಕ್ಕೆ ಹತ್ತಿದರೆ ದೃಷ್ಟಿಗೇ ಕುತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬದುಕಿದ ಊರು ನಮ್ಮದು. ಭತ್ತ, ಅನ್ನ, ಕುಡಿಯುವುದು ಎಲ್ಲ ಆ ನೀರೇ. ‘ಗಂಗವ್ವನ್ನ ಮುಟ್ಟಿಸಬ್ಯಾಡ ಅಂದ್ರ ಅದೆಂಥ ಮಡಿ?’ ಎಂದು ಅವ್ವ ನಕ್ಕಳು. ಆದರೆ ಕಾವಲು ನಿಂತವಳೂ ಅವಳೇ. ಒದ್ದೆ ಕೈಯಲ್ಲಿ ಡಬ್ಬಿ ಮುಟ್ಟಿದರೆ ಮೊಮ್ಮಗಳಿಗೆ ಮಡಿ ಮುರಿದಷ್ಟೇ ಬೈಗುಳ.

ಮೊದಲ ರಾತ್ರಿ ‘ಕಣ್ಣಾಗ ಉಸುಕು’ ಎಂದು ಹೊರಳಾಡಿದ ಮಗಳು ಬೆಳಿಗ್ಗೆ ಕನ್ನಡಕವಿಲ್ಲದೆ ಕ್ಯಾಲೆಂಡರಿನ ತಾರೀಖು ಓದಿದಳು. ಸಂಜೆಗೆ ಮತ್ತೆ ಮಂಜು. ದೃಷ್ಟಿ ಇಡೀ ದಿನ ನಿಲ್ಲಲು ವಾರ ಹತ್ತು ದಿನ ಬೇಕು. ಬೀದಿದೀಪದ ಸುತ್ತ ಕಾಣುವ ಪ್ರಭೆ ಅವಳಿಗೆ ಇನ್ನೂ ಪೂರ್ತಿ ಹೋಗಿಲ್ಲ. ಮೊದಲ ಬೆಳಗಿನ ತಪಾಸಣೆ ಹೈದರಾಬಾದಿನಲ್ಲೇ ಮುಗಿಯಿತು. ವಾರಕ್ಕೆ, ತಿಂಗಳಿಗೆ ಮತ್ತೆ ಅದೇ ರೈಲು.

ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವ ನನ್ನ ತಮ್ಮ ಲಿಂಗಸುಗೂರಿನಿಂದ ಬಂದವನು ಇದನ್ನೆಲ್ಲ ಬಾಯಿ ತೆರೆದು ಕೇಳಿದ. ‘ಅಣ್ಣಾ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗವರಿಗೂ ಆಗ್ತೈತೇನು?’

‘ನಿದ್ದಿ ಮುಖ್ಯ, ಹೊತ್ತಲ್ಲ. ಆದ್ರ ನಿನಗ ಪೇಪರ್ ಓದಾಕ ಕಾಣವಲ್ದು. ಅದು ಚಾಳೀಸು. ಅದಕ್ಕ ಈ ಲೆನ್ಸ್ ಅಲ್ಲ.’

ಹತ್ತಾರು ಸಾವಿರದ ರೇಟು ಕೇಳಿ ಸುಮ್ಮನಾಗಿದ್ದವನ ಮುಖ ಅರಳಿತು. ‘ಹಂಗಾದ್ರ ಸಂತಿಯಾಗಿನ ನೂರು ರೂಪಾಯಿ ಕನ್ನಡಕನ ನನಗ ಸಾಕು ಬಿಡು’ ಎಂದು, ಅಲ್ಲಿ ಬಿದ್ದಿದ್ದ ಅವ್ವನ ಹಳೆ ಕನ್ನಡಕ ಏರಿಸಿ ಪೇಪರ್ ಹಿಡಿದ.