ತವರಿನ ಹಾದಿಯ ಲೆಕ್ಕ

ನನ್ನ ಬಳಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಮುಂದಿನಿಂದ ತೆರೆದರೆ ಸಂಶೋಧನೆಯ ಟಿಪ್ಪಣಿಗಳು: ತೊರವಿಯ ಸುರಂಗ ಬಾವಡಿ, ವಿಜಯಪುರದ ತಾಜ್ ಬಾವಡಿ, ಮಮದಾಪುರದ ಕೆರೆ. ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆಯ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಿಂದಿನಿಂದ ತೆರೆದರೆ ಬೇರೆಯದೇ ಬರಹ. ಯಾವ ತಾರೀಖಿಗೆ ಯಾರ ಮನೆಗೆ ಹೋದೆವು, ನಮ್ಮ ಮನೆಗೆ ಯಾರು ಬಂದರು, ಏನು ಒಯ್ದೆವು, ಬರುವಾಗ ಚೀಲದಲ್ಲಿ ಏನು ಬಂತು, ಯಾರು ಯಾರನ್ನು ವಿಚಾರಿಸಿದರು, ಯಾರ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಇದನ್ನು ಬೇಕೆಂದು ಶುರು ಮಾಡಿದ್ದಲ್ಲ. ನಾನು ಕ್ಷೇತ್ರಕಾರ್ಯಕ್ಕೆ ಹೋಗುವ ಊರುಗಳೂ ನಮ್ಮ ನೆಂಟರ ಊರುಗಳೂ ಒಂದೇ ದಾರಿಯಲ್ಲಿವೆ. ಬಾವಿಯ ಅಳತೆ ಬರೆದುಕೊಂಡ ದಿನವೇ ದೊಡ್ಡವ್ವನ ಮನೆಯಲ್ಲಿ ಊಟವೂ ಆಗುತ್ತದೆ. ಕಂಡದ್ದನ್ನು ಅದೇ ದಿನ ಬರೆದಿಡಬೇಕು ಎಂದು ಮಾರ್ಗದರ್ಶಕರು ಹೇಳಿದ್ದರು. ಬಾವಿಯದು ಬರೆದೆ, ಊಟದ್ದೂ ಬರೆದೆ. ನಾಲ್ಕು ವರ್ಷಗಳಲ್ಲಿ ಎರಡೂ ಕಡೆಯ ಬರಹ ನೋಟ್‌ಬುಕ್ಕಿನ ನಡುವಿಗೆ ಬಂದಿವೆ.

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಮೊದಲು ತೊರವಿ, ಆಮೇಲೆ ತಿಕೋಟಾ. ಎರಡನೇ ಇಬ್ರಾಹಿಂ ಆದಿಲ್‌ಶಾ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಲು ಹೊರಟದ್ದು ತೊರವಿಯ ಬಳಿಯಲ್ಲೇ, 1599ರಲ್ಲಿ. ಇಲ್ಲಿಂದ ನೆಲದೊಳಗಿನ ಸುರಂಗದಲ್ಲಿ ಹರಿದ ನೀರು ವಿಜಯಪುರ ನಗರ ಸೇರುತ್ತಿತ್ತು. ಸುರಂಗದ ಗಾಳಿಗೆ, ರಿಪೇರಿಗೆ ಎಂದು ನಡುನಡುವೆ ತೋಡಿದ ಬಾವಿಗಳಲ್ಲಿ ಕೆಲವು ಇನ್ನೂ ಹೊಲಗಳಲ್ಲಿ ಬಾಯಿ ತೆರೆದುಕೊಂಡಿವೆ. ಅವನ್ನು ಎಣಿಸಿ, ಮಧ್ಯಾಹ್ನದ ಬಸ್ಸು ಹತ್ತಿ ತಿಕೋಟಾಕ್ಕೆ ಹೋಗುತ್ತೇನೆ.

ದೊಡ್ಡವ್ವ, ಅಂದರೆ ಅವ್ವನ ಅಕ್ಕ, "ಉಂಡಿಯೇನು?" ಎಂದು ಕೇಳುವುದಿಲ್ಲ. ತಾಟು ಇಟ್ಟೇ ಮಾತಿಗೆ ಕೂಡುತ್ತಾಳೆ. ಬಿಸಿರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಎರಡನೇ ರೊಟ್ಟಿ ಮುರಿಯುವ ಹೊತ್ತಿಗೆ ಪ್ರಶ್ನೆ ಬರುತ್ತದೆ.

"ಆ ಸತ್ತ ರಾಜಾರ ಬಾವಿ ಎಣಿಸೂದು ಮುಗೀತೇನ?"

"ಇಲ್ಲ ದೊಡ್ಡವ್ವ, ಇನ್ನ ಒಂದು ವರ್ಷ."

"ಹ್ವಾದ ವರ್ಷಾನೂ ಹಿಂಗ ಅಂದಿದ್ದಿ. ನಮ್ಮ ಬಾವಿನಾರ ಎಣಸ ಬಾ, ಮೂರ ಅದಾವ, ಲಗೂ ಮುಗೀತದ."

ಊಟವಾದ ಮೇಲೆ ತೋಟಕ್ಕೆ ಹೋಗುವುದು ಪದ್ಧತಿ. ಅವರದು ನಾಲ್ಕು ಎಕರೆ ದ್ರಾಕ್ಷಿ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ, ಶಿವರಾತ್ರಿ ಆಸುಪಾಸಿಗೆ ಹಣ್ಣು. ಕೊಯ್ದ ಗೊನೆಗಳನ್ನು ಔಷಧದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನೊಳಗೆ ಬಲೆಯ ಅಟ್ಟಗಳ ಮೇಲೆ ಹರವುತ್ತಾರೆ. ಹದಿನೈದು ದಿನದಲ್ಲಿ ಹಣ್ಣು ಒಣದ್ರಾಕ್ಷಿಯಾಗುತ್ತದೆ. ಬಣ್ಣ ನೋಡಿ ಆರಿಸುವುದು ಹೆಂಗಸರ ಕೆಲಸ. ದೊಡ್ಡವ್ವನೂ ಆಳುಗಳ ಸಾಲಿನಲ್ಲಿ ಕೂತು ಆರಿಸುತ್ತಾಳೆ. ಬರ ಬಿದ್ದ ವರ್ಷ ಬಳ್ಳಿ ಉಳಿಸಲು ಟ್ಯಾಂಕರ್ ನೀರು ಹಾಕಿಸಿದ್ದರು. ಆ ನೀರಿಗಾಗಿ ಅಡವಿಟ್ಟ ಬಂಗಾರ ಬಿಡಿಸಿಕೊಳ್ಳಲು ಮೂರು ಸುಗ್ಗಿ ಬೇಕಾದವು.

ಹೊರಡುವ ಮುಂಚೆ ಆಕೆ ತಪ್ಪದೇ ಒಂದು ಮಾತು ಕೇಳುತ್ತಾಳೆ: "ಬಬಲೇಶ್ವರದ ಕಡಿ ಮಳಿ ಆಗೈತೇನು?"

ಇದು ಮಳೆಯ ವಿಚಾರವಲ್ಲ. ಬಬಲೇಶ್ವರದಲ್ಲಿ ಆಕೆಯ ತವರು ಇದೆ, ಇಬ್ಬರು ತಮ್ಮಂದಿರಿದ್ದಾರೆ. ಆಕೆ ಅಲ್ಲಿಗೆ ಹೋಗಿ ಮೂರು ವರ್ಷ ದಾಟಿದೆ.

ನಾವಿರುವುದು ವಿಜಯಪುರದಲ್ಲಿ, ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿ. ಜಿಲ್ಲಾ ಕೇಂದ್ರದಲ್ಲಿ ಮನೆ ಮಾಡಿದವರಿಗೆ ನೆಂಟರ ಬರವಿಲ್ಲ. ದವಾಖಾನೆಗೆ ಬರುವವರು, ಪರೀಕ್ಷೆ ಬರೆಯಲು ಬರುವವರು, ಮದುವೆಯ ಜವಳಿಗೆ ಬರುವವರು, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬರುವವರು. ಮಕ್ಕಳು ಜೊತೆಗಿದ್ದರೆ ಗೋಳಗುಮ್ಮಟ ತೋರಿಸುವ ಜವಾಬ್ದಾರಿ ನನ್ನದು. ಏಳಂತಸ್ತಿನ ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಪಿಸುಗುಟ್ಟುವ ಮೊಗಸಾಲೆ. ಸುಮಾರು 38 ಮೀಟರ್ ಆಚೆಯ ಗೋಡೆಗೆ ಕಿವಿ ಹಚ್ಚಿದವರಿಗೆ ಈಚೆ ಪಿಸುಗುಟ್ಟಿದ್ದು ಕೇಳುತ್ತದೆ. ಮಕ್ಕಳಿಗೆ ಇದು ಸೋಜಿಗ. ನನಗೇನೂ ಅನಿಸುವುದಿಲ್ಲ. ತಿಕೋಟಾದಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಬಬಲೇಶ್ವರಕ್ಕೆ ಮುಟ್ಟುವುದನ್ನು ಕಂಡವಳು ನಾನು.

ಬಬಲೇಶ್ವರಕ್ಕೆ ಹೋಗುವುದೆಂದರೆ ನಮಗೆ ಪಂಚಮಿ. ಹಬ್ಬಕ್ಕೆ ನಾಲ್ಕು ದಿನ ಮೊದಲು ಮಾಮಾ ಕರೆಯಲು ಬರುತ್ತಿದ್ದ. ಬುಟ್ಟಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಒಣಕೊಬ್ಬರಿ ಬಟ್ಟಲು. ಅವ್ವ ಮುಂಜಾನೆಯಿಂದ ಬಾಗಿಲಿಗೆ ಬಂದು ಬಂದು ಹೋಗುತ್ತಿದ್ದಳು. ಮಾಮಾ ಬಂದೊಡನೆ ಮಾತ್ರ, "ಏನ ಅವಸರಿತ್ತೋ ತಮ್ಮಾ, ನಾನ ಬರತಿದ್ದೆ" ಎನ್ನುತ್ತಿದ್ದಳು. ತವರಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿರುತ್ತಿದ್ದರು. ನಮ್ಮ ಅವ್ವ, ತಿಕೋಟಾದ ದೊಡ್ಡವ್ವ ಇಬ್ಬರೂ ಎದುರುಬದರು ನಿಂತು ಜೀಕುತ್ತಿದ್ದರು. ವರ್ಷದ ಉಳಿದ ದಿನಗಳಲ್ಲಿ ಆ ಇಬ್ಬರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡಿಲ್ಲ. ಮರಳುವ ದಿನ ಅತ್ತಿ ಉಡಿ ತುಂಬುತ್ತಿದ್ದಳು: ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಎಲೆ-ಅಡಿಕೆ.

ಆ ಮನೆಗೆ ಆಗ ಹದಿನೆಂಟು ಎಕರೆ ಯರಿ ಹೊಲವಿತ್ತು. ಬಿಳಿಜೋಳ, ಕಡಲೆ, ಕುಸುಬಿ. ಡೋಣಿ ಬೆಳೆದರ ಓಣೆಲ್ಲಾ ಕಾಳು ಎಂದು ನಮ್ಮ ಕಡೆ ಗಾದೆ. ಮಳೆ ಕೈಕೊಟ್ಟರೆ ಗಾದೆಯೊಂದೇ ಗತಿ. ಕೃಷ್ಣಾ ನದಿ ದಕ್ಷಿಣಕ್ಕೆ ಹರಿಯುತ್ತಿದ್ದರೂ ಅದರ ನೀರು ಏರಿ ಈ ಹೊಲಗಳಿಗೆ ಬರುವಂತಿರಲಿಲ್ಲ. ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ, ಅದು ಲೋಕಾರ್ಪಣೆಯಾದದ್ದು 2006ರಲ್ಲಿ. ಎತ್ತರದ ಭೂಮಿಗೆ ನೀರು ಸಿಗಲು ಏತ ನೀರಾವರಿಯೇ ಬೇಕಾಯಿತು. ಜಮಖಂಡಿ ತಾಲ್ಲೂಕಿನಿಂದ ಕೃಷ್ಣೆಯ ನೀರೆತ್ತುವ ತುಬಚಿ-ಬಬಲೇಶ್ವರ ಯೋಜನೆ ಬಂತು. ಕಾಲುವೆಗಳಾದವು, ಕೆರೆಗಳು ತುಂಬಿದವು, ಒಣಗಿದ ಬಾವಿಗಳಲ್ಲಿ ನೀರು ಕಂಡಿತು. ಅಷ್ಟರಲ್ಲಿ ಬಬಲೇಶ್ವರವೂ ತಿಕೋಟಾವೂ ತಾಲ್ಲೂಕುಗಳಾಗಿದ್ದವು. ಜೋಳದ ಹೊಲಕ್ಕೆ ಕಬ್ಬು, ದ್ರಾಕ್ಷಿ ಬಂದವು. ಯಾರೂ ಕೇಳದಿದ್ದ ಯರಿ ಭೂಮಿಗೆ ದರ ಬಂತು.

17ನೇ ಶತಮಾನದಲ್ಲಿ ಮುಹಮ್ಮದ್ ಆದಿಲ್‌ಶಾ ಕೆರೆ ಕಟ್ಟಿಸಿದ ಊರಿಗೆ ಅವನ ಹೆಸರೇ ಉಳಿದು ಮಮದಾಪುರವಾಯಿತು. ಅದೂ ಈಗ ಬಬಲೇಶ್ವರ ತಾಲ್ಲೂಕಿನಲ್ಲಿದೆ. ನೀರು ಬಂದ ಕಡೆ ಹೆಸರಿನ ಪ್ರಶ್ನೆ ಬರುತ್ತದೆ ಎಂದು ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಬರೆದಿದ್ದೆ. ಹಿಂದಿನ ಪುಟಗಳಲ್ಲಿ ಅದು ನಮ್ಮ ಮನೆಯ ಮಾತಾಯಿತು. ಮುತ್ಯಾನ ಹೊಲದ ಉತಾರದಲ್ಲಿ ಯಾರ ಹೆಸರಿರಬೇಕು?

ಕಾನೂನಿನ ದಾರಿ ಅಂಕುಡೊಂಕಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ, ತಂದೆಯ ಸ್ವಂತ ಪಾಲಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ಸಣ್ಣ ಭಾಗವಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಅನ್ವಯಿಸಲಿಲ್ಲ. ಅವ್ವನ ಮದುವೆ ಆದದ್ದು 1993ರಲ್ಲಿ, ದೊಡ್ಡವ್ವನದು ಇನ್ನೂ ಮೊದಲು. 2005ರ ಕೇಂದ್ರದ ತಿದ್ದುಪಡಿ ಆ ಷರತ್ತನ್ನು ಬಿಟ್ಟಿತು. ಆದರೆ ತಂದೆ ಆ ಹೊತ್ತಿಗೆ ಬದುಕಿರಬೇಕೇ ಬೇಡವೇ ಎಂಬ ತಕರಾರು ಉಳಿಯಿತು. ನಮ್ಮ ಮುತ್ಯಾ ತೀರಿಕೊಂಡದ್ದು 2003ರಲ್ಲಿ. 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತಂದೆ ಬದುಕಿರಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು.

ಈ ತೀರ್ಪಿನ ಸುದ್ದಿ ನಮಗಿಂತ ಮೊದಲು ಮಾಮಾನಿಗೆ ಮುಟ್ಟಿತ್ತು. 2021ರ ಆರಂಭದಲ್ಲಿ ದೊಡ್ಡ ಮಾಮಾ ನಮ್ಮ ಮನೆಗೆ ಬಂದ. ಕೈಯಲ್ಲಿ ಎರಡು ಇಳಕಲ್ ಸೀರೆ, ಚೀಲದಲ್ಲಿ ಹಕ್ಕು ಬಿಡುಗಡೆ ಪತ್ರದ ಕರಡು. ಅವ್ವ ಚಹಾ ಮಾಡಿಕೊಟ್ಟಳು. ಮರುವಾರ ಉಪನೋಂದಣಿ ಕಚೇರಿಗೆ ಹೋಗಿ ಸಹಿ ಮಾಡಿ ಬಂದಳು. ಇನ್ನೊಂದು ಸೀರೆ ಹಿಡಿದು ಮಾಮಾ ತಿಕೋಟಾಕ್ಕೆ ಹೋದ. ದೊಡ್ಡವ್ವನಿಗೆ ಓದಲು ಬಾರದು. ಆಕೆ ಕೇಳಿದ್ದು ಒಂದೇ ಮಾತು: "ಓದಿ ಹೇಳೋ ತಮ್ಮಾ, ಏನೈತಿ ಅದರಾಗ?" ಓದಿದ್ದಾಯಿತು. "ವಿಚಾರ ಮಾಡತೇನಿ" ಎಂದಳು.

ಆಕೆ ವಕೀಲರ ಬಳಿ ಹೋಗಲಿಲ್ಲ, ಕೇಸು ಹಾಕಲಿಲ್ಲ. ಸಹಿಯನ್ನೂ ಹಾಕಲಿಲ್ಲ. ಮಾಮಾಗಳ ವಾಟ್ನಿ ನಿಂತುಹೋಯಿತು. ಆ ವರ್ಷದ ಪಂಚಮಿಗೆ ಉಂಡಿಯ ಬುಟ್ಟಿ ನಮ್ಮ ಮನೆಗೆ ಬಂತು, ತಿಕೋಟಾಕ್ಕೆ ಹೋಗಲಿಲ್ಲ.

ಮಾಮಾ ಕೆಟ್ಟವನಲ್ಲ. ಮುತ್ಯಾನ ದವಾಖಾನೆಯ ಸಾಲ ತೀರಿಸಿದವನು ಅವನು. ಇಬ್ಬರು ಅಕ್ಕಂದಿರ ಮದುವೆಯ ಸಾಲದ ಬಡ್ಡಿಯನ್ನು ಹರೆಯದಲ್ಲೇ ಹೊತ್ತವನು. ಏಳು ಕೊಳವೆಬಾವಿ ಕೊರೆಸಿ ಆರರಲ್ಲಿ ಧೂಳು ಕಂಡವನು. "ಬರ ಇದ್ದಾಗ ಯಾರೂ ಪಾಲು ಕೇಳಲಿಲ್ಲ" ಎನ್ನುತ್ತಾನೆ. ಆ ಮಾತು ಸುಳ್ಳಲ್ಲ. ಆದರೆ ಕಾಲುವೆ ಬಂದ ಮೇಲೂ ದೊಡ್ಡವ್ವ ಪಾಲು ಕೇಳಿರಲಿಲ್ಲ. ಕೇಳಬಹುದೆಂಬ ಭಯವೇ ಪತ್ರ ಹಿಡಿದು ಬಂದದ್ದು.

ಅವ್ವನನ್ನು ಒಮ್ಮೆ ಕೇಳಿದೆ, ಯಾಕೆ ಅಷ್ಟು ಬೇಗ ಸಹಿ ಹಾಕಿದೆ ಎಂದು. ಆಕೆ ಹೆಸರುಕಾಳು ಹಸನು ಮಾಡುತ್ತಿದ್ದಳು. "ಭೂಮಿ ತಗೊಂಡು ಏನ್ ಮಾಡ್ಲಿ? ಆಮ್ಯಾಲ ಪಂಚಮಿಗೆ ಕರಿಯಾಕ ಯಾರ ಬರತಾರ?" ಎಂದಳು. ಇದೇ ಪ್ರಶ್ನೆಯನ್ನು ತಿಕೋಟಾದ ಶೆಡ್ಡಿನಲ್ಲಿ ತಿರುವಿ ಕೇಳಿದೆ. ದೊಡ್ಡವ್ವ ದ್ರಾಕ್ಷಿ ಆರಿಸುವುದು ನಿಲ್ಲಿಸಲಿಲ್ಲ. "ನನಗೂ ಭೂಮಿ ಬ್ಯಾಡ. ಬ್ಯಾಡ ಅನ್ನೂದು ನಾ ಹೇಳಬೇಕು. ಅವರ ಬರಕೊಂಡ ಬಂದು ಹೆಬ್ಬೆಟ್ಟ ಒತ್ತು ಅಂದ್ರ ಹೆಂಗ?"

ಈ ಎರಡು ಮಾತುಗಳ ನಡುವೆ ನಾನು ಬಹಳ ದಿನ ಓಡಾಡಿದೆ. ಅವ್ವನ ಲೆಕ್ಕ ತಪ್ಪಲ್ಲ. ಆಕೆ ಒಂದು ದಾರಿಯ ಬೆಲೆ ತಿಳಿದು ಕೊಟ್ಟಳು. ದೊಡ್ಡವ್ವನ ಲೆಕ್ಕವೂ ತಪ್ಪಲ್ಲ. ಆ ದಾರಿಗೆ ಬೆಲೆ ಇದೆ ಎಂಬುದನ್ನೇ ಆಕೆ ಒಪ್ಪಲಿಲ್ಲ. ಗಂಡುಮಗ ತನ್ನ ಮನೆಗೆ ಬರಲು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಹೆಣ್ಣುಮಕ್ಕಳಿಗೆ ವರ್ಷಕ್ಕೊಮ್ಮೆ ಉಡಿಯಲ್ಲಿ ಬೀಳುವ ಖಣ, ಕಾಯಿ, ಅಕ್ಕಿಯನ್ನು ನಾವು ಪ್ರೀತಿ ಎಂದೇ ತಿಳಿದಿದ್ದೆವು. ಉತಾರದ ಪ್ರಶ್ನೆ ಬಂದ ದಿನ ಅದು ಪಾಲಿನ ಬದಲಿಗೆ ಕೊಟ್ಟದ್ದು ಎಂಬಂತಾಯಿತು. ಉಡಿ ಬೇಕಾದರೆ ಉತಾರ ಬಿಡು, ಉತಾರ ಬೇಕಾದರೆ ಉಡಿ ಬಿಡು. ನನಗೆ ನೋವಾಗುವುದು ಇಲ್ಲಿ. ಅತ್ತಿ ಸೆರಗಿನಲ್ಲಿ ಹಾಕುತ್ತಿದ್ದ ಆ ಅಕ್ಕಿ ಯಾವತ್ತೂ ಯಾವುದರ ಬದಲಿಯೂ ಆಗಿರಲಿಲ್ಲ. ಅದನ್ನು ಹಾಗೆ ಮಾಡಿದ್ದು ಚೀಲದಲ್ಲಿ ಬಂದ ಆ ಕಾಗದ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಅವ್ವ ಈಗ ಆಧಾರ್ ಕಾರ್ಡನ್ನು ತಾಳಿಯಷ್ಟೇ ಜೋಪಾನ ಮಾಡುತ್ತಾಳೆ. ಕರೆಯಲು ಯಾರೂ ಬರಬೇಕಿಲ್ಲ, ಅಪ್ಪನ ಬಳಿ ಬಸ್ ಚಾರ್ಜು ಕೇಳಬೇಕಿಲ್ಲ. ತಿಂಗಳಿಗೊಮ್ಮೆ ತಿಕೋಟಾಕ್ಕೆ ಹೋಗಿ ಸಂಜೆಯೊಳಗೆ ಬರುತ್ತಾಳೆ. ದೊಡ್ಡವ್ವನೂ ಸಿದ್ಧೇಶ್ವರ ಜಾತ್ರೆಗೆ ಒಬ್ಬಳೇ ಬಂದಳು. ಬಬಲೇಶ್ವರಕ್ಕೂ ಅದೇ ಪುಕ್ಕಟೆ ಬಸ್ಸಿದೆಯಲ್ಲ ಎಂದೆ. "ಬಸ್ ಪುಕ್ಕಟ ಆತು. ಕರಿಯವರ ಬೇಕಲ್ಲ?" ಎಂದಳು.

ಕರೆಯುವವರು ಇನ್ನೂ ಬಂದಿಲ್ಲ. ಆದರೆ ಚೀಲಗಳು ಓಡಾಡುತ್ತವೆ. ನಾನು ಮಮದಾಪುರಕ್ಕೆ ಹೋಗುವಾಗ ಎರಡು ಕಿಲೋ ಒಣದ್ರಾಕ್ಷಿ ಒಯ್ದು ಬಬಲೇಶ್ವರದಲ್ಲಿ ಕೊಡುತ್ತೇನೆ. ಎಲ್ಲಿಯದು ಎಂದು ಅತ್ತಿ ಕೇಳುವುದಿಲ್ಲ. ಅಂದೇ ಶಿರಾ ಮಾಡಿ ಮಾಮಾನ ತಾಟಿಗೂ ಬಡಿಸುತ್ತಾಳೆ. ಸುಗ್ಗಿಯಲ್ಲಿ ಮಾಮಾ ಹೊಸ ಜೋಳದ ಚೀಲ ಕಳಿಸುತ್ತಾನೆ, "ನಿಮ್ಮವ್ವಗ ಕೊಡು" ಎಂದು. ನಮ್ಮ ನಾಲ್ಕು ಮಂದಿಗೆ ಅದು ವರ್ಷವಿಡೀ ತೀರದು. ಅರ್ಧ ಚೀಲ ಎಲ್ಲಿಗೆ ಹೋಗುತ್ತದೆಂದು ಅವನಿಗೂ ಗೊತ್ತು.

ಕಳೆದ ಪಂಚಮಿಗೆ ಅವ್ವ ಉಂಡಿಯ ಬುಟ್ಟಿ ಕಟ್ಟಿ ನನ್ನ ತಮ್ಮನನ್ನು ತಿಕೋಟಾಕ್ಕೆ ಕಳಿಸಿದಳು. ದೊಡ್ಡವ್ವ ಬಂದಳು. ಊಟವಾದ ಮೇಲೆ ಅಪ್ಪ, ಸಾಲ ಮಾಡಿ ಕೊಂಡ ಸೈಟಿನ ಮಾತು ತೆಗೆದ. ಮುಂದೆ ತೊಡಕಾಗದಂತೆ ಅದನ್ನು ತಮ್ಮನ ಹೆಸರಿಗೆ ಮಾಡಿಡುವ ವಿಚಾರ. ನಾನು ತಾಟು ಎತ್ತುತ್ತಿದ್ದೆ. ಅವ್ವ ಎಂದೂ ಅಪ್ಪನ ವ್ಯವಹಾರದ ನಡುವೆ ಮಾತಾಡಿದವಳಲ್ಲ. ಅಂದು ಮಾತಾಡಿದಳು.

"ಆಕಿ ಹೆಸರೂ ಇರ್ಲಿ. ನನ್ನ ಮಗಳು ನನ್ನ ಮನಿಗೆ ಬರಾಕ ಸಹಿ ಹಾಕೂದು ಬ್ಯಾಡ."

ಅಪ್ಪ ತಮ್ಮನ ಮುಖ ನೋಡಿದ. ತಮ್ಮ, "ಇರ್ಲಿ, ಅಕ್ಕಂದೂ ಹಾಕಸ್ರಿ" ಎಂದು ಮೊಬೈಲಿಗೆ ಮರಳಿದ. ಮೂಲೆಯಲ್ಲಿ ಎಲೆ-ಅಡಿಕೆ ಮೆಲ್ಲುತ್ತ ಕೂತಿದ್ದ ದೊಡ್ಡವ್ವ ಅಪ್ಪನ ಕಡೆ ತಿರುಗಿದಳು.

"ಬರಸಿದ ಮ್ಯಾಲ ನನಗೂ ಓದಿ ಹೇಳ್ರಿ, ಏನೈತಿ ಅದರಾಗ."