ಕೆಂಪು ಅರಿವೆಯ ಗಂಟು

ನಮ್ಮೂರು ಮುಂಡರಗಿ ಕಡೆಗೆ. ಊರೊಳಗಿನ ದೊಡ್ಡ ಮನೆಯೊಂದರ ದೇವರ ಜಗಲಿ ಮ್ಯಾಲೆ ಕೆಂಪು ಅರಿವೆಯ ಗಂಟಿತ್ತು. ಅದರಾಗ ಓಲೆಗರಿಯ ಕಟ್ಟು. ಯಾರೂ ಬಿಚ್ಚಿ ಓದುತ್ತಿರಲಿಲ್ಲ. ಶ್ರಾವಣದಾಗ ವಿಭೂತಿ ಹಚ್ಚಿ, ಹೂ ಏರಿಸಿ ಮತ್ತೆ ಇಡುತ್ತಿದ್ದರು. ಆ ಮನೆಗೆ ಕಾಲ್ಮರಿ ಹೊಲಿದು ಕೊಡುತ್ತಿದ್ದ ನಮ್ಮಜ್ಜ ಅಂಗಳದಾಚೆ ನಿಂತು ಗಂಟಿಗೆ ಕೈ ಮುಗಿಯುತ್ತಿದ್ದ. "ಅದರಾಗ ಏನೈತಿ ಯಜ್ಜಾ?" ಅಂದರೆ, "ದೊಡ್ಡೋರ ದೇವರೈತಪಾ, ನಮಗ್ಯಾಕ ಬೇಕು" ಅಂತಿದ್ದ.

ಬಿ.ಎ. ಓದಲು ಗದಗ-ಬೆಟಗೇರಿಗೆ ಬಂದಾಗ ಗ್ರಂಥಾಲಯದಲ್ಲಿ ವಚನಗಳ ಸಂಪುಟ ಕೈಗೆ ಬಂತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ, ಉರಿಲಿಂಗಪೆದ್ದಿ, ಅವನ ಹೆಂಡತಿ ಕಾಳವ್ವೆ. ಎದಿ ಧಸಕ್ಕೆಂದಿತು. ಇವರು ನಮ್ಮ ಕೇರಿಯವರು! ಅಜ್ಜ ದೂರ ನಿಂತು ಕೈ ಮುಗಿದ ಗಂಟಿನಾಗ ನಮ್ಮವರೇ ಇದ್ದಿರಬಹುದಲ್ಲ!

ಈ ಹೆಸರುಗಳು ನನ್ನ ತನಕ ಬಂದದ್ದು ಹೆಂಗ?

12ನೆಯ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ ಶರಣರು ವಚನದ ಕಟ್ಟು ಹೊತ್ತು ಉಳವಿಯ ದಾರಿ ಹಿಡಿದರೆಂದು ಜನ ಹೇಳುತ್ತಾರೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದೇ ಆ ಬೆಂಕಿಗೆ ಕಾರಣ. ಚೀನಾದಲ್ಲೂ ಇಂಥದೇ ನಡೆದಿದೆ. 1941ರಲ್ಲಿ ಗ್ರಂಥಪಾಲಕ ಚಿಯೆನ್ ಸುನ್‌ಶುನ್ ಜಪಾನಿ ಸೈನ್ಯದ ಕಣ್ಣು ತಪ್ಪಿಸಿ, ಶಾಂಘೈನಿಂದ 102 ಪೆಟ್ಟಿಗೆ ಅಪರೂಪದ ಪುಸ್ತಕಗಳನ್ನು ಅಮೆರಿಕಕ್ಕೆ ದಾಟಿಸಿದ. ಅಲ್ಲಿಯ ವೈರಿ ಕಣ್ಣಿಗೆ ಕಾಣುತ್ತಿದ್ದ. ನಮ್ಮಲ್ಲಿ ಆಮೇಲಿನ ವೈರಿಗಳು ಎರಡು: ಒಂದು ಗೆದ್ದಲು, ಇನ್ನೊಂದು ಮಡಿ.

ಈ ಎರಡರ ಜೊತೆಗೂ ಜೀವಮಾನವಿಡೀ ಗುದ್ದಾಡಿದವರು ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ವಿಜಾಪುರದಲ್ಲಿ ವಕೀಲರಾದರು. ಕೋರ್ಟು ಬಿಟ್ಟು ಊರೂರು, ಮಠಮಠ ತಿರುಗಿ ಓಲೆಗರಿ ಕೂಡಿಸಿದರು. 1923ರಲ್ಲಿ ಬೆಳಗಾವಿಯಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಯಿತು. ಮನೆ ಮಾರಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. 1926ರಿಂದ 'ಶಿವಾನುಭವ' ಪತ್ರಿಕೆ ತಂದರು. ಸುಮಾರು 50 ವಚನಕಾರರನ್ನಷ್ಟೇ ಬಲ್ಲ ನಾಡಿಗೆ 250ರಷ್ಟು ಮಂದಿಯನ್ನು ತೋರಿಸಿದರು. 1964ರಲ್ಲಿ ತೀರಿಕೊಂಡಾಗ ಅವರ ಹತ್ತಿರ ಸ್ವಂತ ಆಸ್ತಿ ಅನ್ನುವಂಥದ್ದು ಇರಲಿಲ್ಲ. ಪೂಜೆಯ ಗಂಟು ಬಿಚ್ಚಿ ಅದನ್ನು ಓದುವ ಪುಸ್ತಕ ಮಾಡಿದ್ದೇ ಅವರ ಆಸ್ತಿ.

ಅವರಿಗೆ ಶರಣು. ಆದರೆ ಜುಲೈ 2ಕ್ಕೆ ಫೋಟೋಕ್ಕೆ ಹಾರ ಹಾಕಿ ಸುಮ್ಮನಾದರೆ ಅವರೂ ಇನ್ನೊಂದು ಕೆಂಪು ಗಂಟಾಗುತ್ತಾರೆ. ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಸಾಲಿಯ ಮಾಸ್ತರರೇ, ನಿಮ್ಮ ಕಪಾಟಿನ ಕೀಲಿ ತೆಗೀರಿ. ಕೇರಿಯ ಮಕ್ಕಳು ಪುಸ್ತಕ ಮುಟ್ಟಲಿ. ಪುಟ ಹರಿದರೂ ಹರಿಯಲಿ.

ಇನ್ನೊಂದು ಮಾತು. ನಮ್ಮಜ್ಜಿ ಬೀಸುವಾಗ ಹಾಡಿದ ಪದಗಳಿಗೆ ಓಲೆಯೂ ಸಿಗಲಿಲ್ಲ, ಹಳಕಟ್ಟಿಯೂ ಸಿಗಲಿಲ್ಲ. ಅವಳ ಕೂಡ ಮಣ್ಣಿಗೆ ಹೋದವು. ನಮ್ಮವ್ವಗೆ ಇನ್ನೂ ಒಂದಿಷ್ಟು ನೆನಪಿವೆ. ರಾತ್ರಿ ನೋಟ್‌ಬುಕ್ ಹಿಡಿದು ಅವಳ ಮುಂದೆ ಕೂಡುತ್ತೇನೆ. "ಇದನ್ನ ಬರದು ಏನ್ ಮಾಡ್ತೀಯೋ ಯಪ್ಪಾ" ಅಂತ ನಗುತ್ತಾಳೆ.

ನಾನು ಬರೆಯುತ್ತೇನೆ.