ಯುಟಿಲಿಟಿಯ ಬೆನ್ನು ಹತ್ತಿ ಲಂಡನ್ನಿನಲ್ಲಿ

"ದೊಡ್ಡಮ್ಮ, ಒದ್ದೆ ಕೊಡೇನ ಯುಟಿಲಿಟೀಲಿ ಇಟ್ಬಿಡಿ" ಎಂದಳು ತಂಗಿಯ ಮಗಳು. ಲಂಡನ್ನಿಗೆ ಬಂದಿಳಿದ ಮೊದಲ ಸಂಜೆ ಅದು. ಅಡುಗೆಮನೆಯ ಹಿಂದೆ ಒಂದು ಪುಟ್ಟ ಕೋಣೆ, ಅದರಲ್ಲಿ ವಾಷಿಂಗ್ ಮಷೀನು, ಬಕೆಟ್ಟು, ಇಸ್ತ್ರಿಪೆಟ್ಟಿಗೆ. ಬೆಂಗಳೂರಿನ ನಮ್ಮ ಮನೆಗೆ ಪಾಯ ತೋಡುವಾಗ ಮೇಸ್ತ್ರಿ ಸುಣ್ಣದ ಗೆರೆ ಎಳೆದು "ಇಲ್ಲಿ ಯುಟಿಲಿಟಿ ಬರುತ್ತೆ" ಎಂದಿದ್ದ. ಹಿತ್ತಿಲು, ಬಚ್ಚಲು ಎಂದೇ ಬದುಕಿದ್ದ ನಮ್ಮತ್ತೆಯ ಬಾಯಲ್ಲೂ ಆರೇ ತಿಂಗಳಲ್ಲಿ ಆ ಮಾತು ನೆಲೆಯೂರಿತ್ತು. ಪಾತ್ರೆ ತೊಳೆಯುವ ಜಾಗಕ್ಕೆ ಈ ಹೆಸರು ಎಲ್ಲಿಂದ ಬಂತು ಎಂದು ನಾವ್ಯಾರೂ ಕೇಳಿರಲಿಲ್ಲ. ಮಾರನೆಯ ದಿನ ಆ ಪದದ ತವರು ಹುಡುಕಿಕೊಂಡು ಹೊರಟೆ.

ಗೋರ್ಡನ್ ಸ್ಕ್ವೇರಿನ ಬಳಿ ಯೂನಿವರ್ಸಿಟಿ ಕಾಲೇಜಿನ ವಿದ್ಯಾರ್ಥಿ ಕೇಂದ್ರವಿದೆ. ಬಾಗಿಲು ದಾಟಿ ಒಳಗೆ ಹೋದವಳು ನಿಂತಲ್ಲೇ ನಿಂತೆ. ಗಾಜಿನ ಪೆಟ್ಟಿಗೆಯೊಳಗೆ, ಕುರ್ಚಿಯ ಮೇಲೆ, ತಲೆಗೆ ಹುಲ್ಲಿನ ಟೋಪಿ, ಮೈಗೆ ಕಪ್ಪು ಕೋಟು ತೊಟ್ಟು ತತ್ವಜ್ಞಾನಿ ಜೆರೆಮಿ ಬೆಂಥಮ್ ಕೂತಿದ್ದ. ವಿಗ್ರಹವಲ್ಲ, ಆತನೇ. 1832ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡವನ ಎಲುಬುಗೂಡಿಗೆ ಹುಲ್ಲು ತುಂಬಿ, ಅವನದೇ ಬಟ್ಟೆ ತೊಡಿಸಿ ಕೂರಿಸಿದ್ದಾರೆ. ತಲೆ ಮಾತ್ರ ಮೇಣದ್ದು. ನಿಜವಾದ ತಲೆಯನ್ನು ಕೆಡದಂತೆ ಕಾಪಾಡುವ ಪ್ರಯತ್ನ ಕೈಗೂಡಲಿಲ್ಲ. ಆಗೆಲ್ಲ ವೈದ್ಯರಿಗೆ ಕಾನೂನುಬದ್ಧವಾಗಿ ಸಿಗುತ್ತಿದ್ದದ್ದು ನೇಣಿಗೇರಿದ ಕೊಲೆಗಾರರ ಶವಗಳು. ಅಂಥ ಕಾಲದಲ್ಲಿ ಈತ ತನ್ನ ದೇಹವನ್ನು ಸ್ನೇಹಿತರೆದುರು ಕೊಯ್ದು ಪಾಠ ಹೇಳಬೇಕೆಂದು ಉಯಿಲು ಬರೆದಿಟ್ಟ. ಅವನ ಮಿತ್ರ ಡಾಕ್ಟರ್ ಸೌತ್‌ವುಡ್ ಸ್ಮಿತ್ ಹಾಗೆಯೇ ಮಾಡಿದ. ಸತ್ತ ಮೈಯೂ ಬದುಕಿರುವವರ ಉಪಯೋಗಕ್ಕೆ ಬರಲಿ ಎಂಬ ಆಸೆ ಅದು. ಆ ಕಾಲಿನ ಮುಂದೆ ನಾನು ಚಪ್ಪಲಿ ಬಿಡಬೇಕೇನೋ ಅನ್ನಿಸಿತು.

'ಯುಟಿಲಿಟಿ' ಎಂಬ ಮಾತು ಇಂಗ್ಲಿಷಿನಲ್ಲಿ ಬೆಂಥಮ್‌ಗಿಂತ ಹಳೆಯದು. ಆದರೆ ಅದನ್ನು ಆಳುವವರ ಕೈಗೆ ಅಳತೆಗೋಲಾಗಿ ಕೊಟ್ಟವನು ಈತ. ಒಂದು ಕಾನೂನು ಒಳ್ಳೆಯದೋ ಕೆಟ್ಟದ್ದೋ ತಿಳಿಯಬೇಕಾದರೆ ಅದರಿಂದ ಎಷ್ಟು ಜನಕ್ಕೆ ಎಷ್ಟು ಸುಖ, ಎಷ್ಟು ನೋವು ಎಂದು ಲೆಕ್ಕ ಹಾಕು ಎಂದ. 1789ರ ಅವನ ಪುಸ್ತಕದಲ್ಲಿ ಸುಖವನ್ನು ಅಳೆಯುವುದಕ್ಕೇ ಏಳು ಬಗೆಗಳಿವೆ: ಎಷ್ಟು ತೀವ್ರ, ಎಷ್ಟು ಹೊತ್ತಿನದು, ಎಷ್ಟು ಜನರಿಗೆ ಹರಡುತ್ತದೆ, ಹೀಗೆ. ಪ್ರಾಣಿಗಳ ನೋವನ್ನೂ ಆತ ಆ ಲೆಕ್ಕದಿಂದ ಬಿಡಲಿಲ್ಲ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡ ಗವರ್ನರ್ ಜನರಲ್ ಬೆಂಟಿಂಕ್ ಇವನ ವಿಚಾರಗಳ ಅಭಿಮಾನಿಯಾಗಿದ್ದ. ಅಳತೆಗೋಲು ಸರಿಯಿದ್ದರೂ ಅದು ಯಾರ ಕೈಯಲ್ಲಿದೆ ಎನ್ನುವುದು ಬೇರೆಯೇ ಪ್ರಶ್ನೆ.

ಅಲ್ಲೇ ನಿಂತಿದ್ದಾಗ ಪಿಯುಸಿಯ ಅರ್ಥಶಾಸ್ತ್ರ ಪುಸ್ತಕ ನೆನಪಾಯಿತು. ಅದರಲ್ಲಿ ಯುಟಿಲಿಟಿಗೆ 'ತುಷ್ಟಿಗುಣ' ಎಂದಿತ್ತು. ಹಸಿದವನಿಗೆ ಮೊದಲ ಮಾವಿನಹಣ್ಣು ಅಮೃತ, ಎರಡನೆಯದು ರುಚಿ, ಐದನೆಯದು ಸಾಕಪ್ಪಾ ಸಾಕು. ಸೀಮಾಂತ ತುಷ್ಟಿಗುಣ ಇಳಿಯುತ್ತ ಹೋಗುತ್ತದೆ ಎಂದು ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಜಾರುವ ಗೆರೆ ಬರೆದಿದ್ದರು. 1871ರಲ್ಲಿ ಆ ವಿಚಾರವನ್ನು ಗಣಿತದ ಭಾಷೆಗೆ ಇಳಿಸಿದವರಲ್ಲೊಬ್ಬ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್. 1876ರಿಂದ ನಾಲ್ಕು ವರ್ಷ ಆತ ಪಾಠ ಮಾಡಿದ್ದು ಇದೇ ಕಾಲೇಜಿನಲ್ಲಿ! ನನಗಂತೂ ನಮ್ಮ 'ತುಷ್ಟಿಗುಣ'ವೇ ಇಂಗ್ಲಿಷ್ ಪದಕ್ಕಿಂತ ಚೆಲುವಾಗಿ ಕಾಣುತ್ತದೆ. ವಸ್ತುವಿನ ಗುಣ, ಉಣ್ಣುವವನ ತುಷ್ಟಿ ಎರಡನ್ನೂ ಅದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ.

ಅಲ್ಲಿಂದ ಹೋಬರ್ನ್ ಕಡೆಗೆ ನಡೆದೆ. ಹೋಬರ್ನ್ ವಯಡಕ್ಟ್ ಎಂಬ ಸೇತುವೆಯ ಪಕ್ಕದಲ್ಲಿ 1882ರಲ್ಲಿ ಎಡಿಸನ್ ಕಂಪನಿ ಕಲ್ಲಿದ್ದಲು ಸುಟ್ಟು ಸಾರ್ವಜನಿಕರಿಗಾಗಿ ವಿದ್ಯುತ್ ತಯಾರಿಸಿತು. ಬೀದಿ ಅಗೆಯುವ ತಂಟೆ ಬೇಡವೆಂದು ಸೇತುವೆಯೊಳಗಿನ ಕಾಲುವೆಗಳಲ್ಲೇ ತಂತಿ ಎಳೆದರಂತೆ. ನಾಲ್ಕೇ ವರ್ಷದಲ್ಲಿ ಅದು ನಷ್ಟದಿಂದ ಮುಚ್ಚಿತು. ನೀರು, ಗ್ಯಾಸು, ಕರೆಂಟು ಒದಗಿಸುವವರಿಗೆಲ್ಲ ಇಂಗ್ಲಿಷಿನಲ್ಲಿ 'ಯುಟಿಲಿಟಿ' ಎಂದೇ ಹೆಸರು. ಸುಖದ ಲೆಕ್ಕದಿಂದ ಹೊರಟ ಪದ ನಲ್ಲಿಗೂ ಸ್ವಿಚ್ಚಿಗೂ ಬಂದು ಸೇರಿತ್ತು. ನಮ್ಮ ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿದ್ದನ್ನು ನೆನೆದು ಆ ಸೇತುವೆಯ ಕಂಬಿಯನ್ನೊಮ್ಮೆ ಮುಟ್ಟಿದೆ.

ಲೆಡನ್‌ಹಾಲ್ ಬೀದಿ ತಲುಪುವಾಗ ಮಳೆ ಹಿಡಿದಿತ್ತು. ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ ಇದ್ದದ್ದು ಇಲ್ಲಿ. ಬೆಂಥಮ್‌ನ ಶಿಷ್ಯ ಜೇಮ್ಸ್ ಮಿಲ್ ಇಲ್ಲಿ ಕೆಲಸ ಮಾಡಿದ. ಅವನ ಮಗ ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರವರೆಗೆ ಭಾರತಕ್ಕೆ ಹೋಗುವ ಕಾಗದಗಳ ಕರಡು ಬರೆಯುತ್ತ ಕೂತ. ತಂದೆ ಎಳವೆಯಿಂದಲೇ ಉಪಯುಕ್ತತೆಯ ತತ್ವದಲ್ಲಿ ಬೆಳೆಸಿದ ಹುಡುಗ ಇಪ್ಪತ್ತನೇ ವಯಸ್ಸಿಗೆ ಒಳಗೆ ಬರಿದಾಗಿ ಕುಸಿದ. ಜಗತ್ತಿನಲ್ಲಿ ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣ ನಡೆದುಹೋದರೂ ತನಗೆ ಸಂತೋಷವಾದೀತೇ ಎಂದು ತನ್ನನ್ನೇ ಕೇಳಿಕೊಂಡಾಗ ಆಗದು ಎಂಬ ಉತ್ತರ ಬಂತು. ಅವನಿಗೆ ಮತ್ತೆ ಜೀವ ಕೊಟ್ಟವುಗಳಲ್ಲಿ ವರ್ಡ್ಸ್‌ವರ್ತ್‌ನ ಕವಿತೆಗಳೂ ಇದ್ದವು. ಮುಂದೆ ಅವನೇ 'ಯುಟಿಲಿಟೇರಿಯನಿಸಂ' ಬರೆದು, ಸುಖದಲ್ಲೂ ಮೇಲು ಕೀಳು ಉಂಟು ಎಂದ.

ಆ ಕಚೇರಿ ಈಗಿಲ್ಲ. ಅದೇ ಜಾಗದಲ್ಲಿ 1986ರಲ್ಲಿ ಮುಗಿದ ಲಾಯ್ಡ್ಸ್ ಕಟ್ಟಡ ನಿಂತಿದೆ. ತಲೆಯೆತ್ತಿ ನೋಡಿ ಬೆರಗಾದೆ. ಎಲ್ಲ ಕಟ್ಟಡಗಳೂ ಗೋಡೆಯೊಳಗೆ ಹುದುಗಿಸುವ ಪೈಪು, ಗಾಳಿಕೊಳವೆ, ಮೆಟ್ಟಿಲು, ಲಿಫ್ಟು ಇಲ್ಲಿ ಹೊರಮೈಯಲ್ಲೇ ಇವೆ. ಮಳೆಯಲ್ಲಿ ಆ ಉಕ್ಕಿನ ಕೊಳವೆಗಳು ಥಳಥಳಿಸುತ್ತಿದ್ದವು, ಗಾಜಿನ ಲಿಫ್ಟುಗಳು ಮೇಲೆ ಕೆಳಗೆ ಹರಿದಾಡುತ್ತಿದ್ದವು. ಒಂದು ಮನೆ ತನ್ನ ಯುಟಿಲಿಟಿಯನ್ನೆಲ್ಲ ಒಡವೆಯಂತೆ ಮೈಮೇಲೆ ಹಾಕಿಕೊಂಡು ಮಿಲ್ ಕೂತಿದ್ದ ನೆಲದ ಮೇಲೆ ನಿಂತಿತ್ತು! ಕೊಡೆ ಮಡಿಚಿ ಸುಮ್ಮನೆ ನೆನೆದೆ.

ರಾತ್ರಿ ಒದ್ದೆ ಬಟ್ಟೆ ಬದಲಿಸುವಾಗ ತಂಗಿಯ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ನನ್ನ ಕೋಣೆಯ ಹಳೆಯ ಕಪಾಟಿನ ಬಾಗಿಲು ತೆರೆದು ಒಳಗಿನ ಮುದ್ರೆ ತೋರಿಸಿದಳು. ತುಂಡು ಕತ್ತರಿಸಿ ತೆಗೆದ ಗಿಣ್ಣಿನ ಬಿಲ್ಲೆಗಳಂತೆ ಎರಡು 'ಸಿ', ಪಕ್ಕದಲ್ಲಿ 41. ಎರಡನೇ ಮಹಾಯುದ್ಧದಲ್ಲಿ ಮರ, ಬಟ್ಟೆ ಎಲ್ಲಕ್ಕೂ ಬರ ಬಂದಾಗ ಸರಕಾರವೇ ನಮೂನೆ ಗೊತ್ತುಮಾಡಿ ಮಾಡಿಸಿದ 'ಯುಟಿಲಿಟಿ' ಪೀಠೋಪಕರಣಗಳ ಗುರುತು ಅದು. ಕೆತ್ತನೆಯಿಲ್ಲ, ಅಲಂಕಾರವಿಲ್ಲ, ಆದರೆ ಗಟ್ಟಿ ಕೀಲು. ಮೊದಮೊದಲು ಇವು ಸಿಗುತ್ತಿದ್ದದ್ದು ಹೊಸದಾಗಿ ಮದುವೆಯಾದವರಿಗೆ ಮತ್ತು ಬಾಂಬಿಗೆ ಮನೆ ಕಳೆದುಕೊಂಡವರಿಗೆ ಮಾತ್ರ.

"ಮನೆ ಓನರಜ್ಜಿ ಇದಾರಲ್ಲ ದೊಡ್ಡಮ್ಮ, ಅವರ ತಾಯಿ ಮದುವೇಲಿ ತಗೊಂಡಿದ್ದಂತೆ" ಎಂದಳು.

ಆ ಬರಿಯ ಓಕ್ ಹಲಗೆಯ ಮೇಲೆ ಕೈಯಾಡಿಸಿದೆ. ಬಾಂಬು ಬೀಳುತ್ತಿದ್ದ ಊರಿನಲ್ಲಿ ಹೊಸ ಮದುಮಗಳೊಬ್ಬಳು ತನ್ನ ನಾಲ್ಕು ಬಟ್ಟೆಗಳನ್ನು ಇದರಲ್ಲಿ ಜೋಡಿಸಿದ್ದಳು. ನನ್ನ ಇಳಕಲ್ ಸೀರೆಯನ್ನು ಮಡಿಚಿ ಅದೇ ಕಪಾಟಿನಲ್ಲಿಟ್ಟೆ. ಬಾಗಿಲು ಒಂದಿಷ್ಟೂ ಕಿರ್ ಎನ್ನದೆ ಮುಚ್ಚಿಕೊಂಡಿತು.